ಪಿ.ಪಿ. ನಂಬರು

ಕ್ರೋಶಾ ಬಟ್ಟೆಯ ಅಂಚು ಅಲುಗಿತೇ, ಅದರಡಿಯ ಫೋನೇ ನಡುಗಿತೇ, ಇಲ್ಲ, ಕರೆಂಟು ಬಂದಿದೆ ಅಷ್ಟೇ, ಬರೀ ಫ್ಯಾನಿನ ಗಾಳಿ, ಪದ್ಮಶ್ರೀ ಕುರ್ಚಿಯ ತುದಿಗೆ ಸರಿದಳು, ಇನ್ನು ಸರಿದರೆ ನೆಲವೇ, ಶಹಾಬಾದಿನ ತಣ್ಣನೆಯ ಕಲ್ಲು, ಎದುರಿಗಿರುವ ತನ್ನ ಮನೆಯಲ್ಲೂ ಇಂಥದೇ ಕಲ್ಲು, ಅದರ ಮೇಲೆ ಒದ್ದೆ ಬೆರಳಿನಿಂದ ಜಪಾನಿ ಅಕ್ಷರ ಬರೆಯುತ್ತಾಳೆ, ಬೇಸಿಗೆಯಲ್ಲಿ ಅಕ್ಷರದ ಬಾಲ ಎಳೆಯುವಷ್ಟರಲ್ಲಿ ತಲೆ ಒಣಗಿ ಮಾಯ, ಮತ್ತೆ ಅದ್ದು, ಮತ್ತೆ ಬರೆ, ಹತ್ತನೇತ್ತಿ ಹುಡುಗಿ ಮಾಡೋ ಕೆಲಸ ಏನ ಇದು, ನೆಲಾ ಎಲ್ಲಾ ಹಸಿ ಮಾಡಿಟ್ಟಿ, ಅಮ್ಮನದು ದಿನದ ಮಾತು, ಜಪಾನ್ ಕಟಗೊಂಡು ಏನ್ ಮಾಡ್ತಿ ತಂಗಿ, ಮೊದ್ಲ ಗಣಿತದಾಗ ಪಾಸಾಗು, ಎನ್ನುತ್ತ ಗಣಿತದ ಜಗದೇವಪ್ಪ ಸರ್ ಅವಳ ಉತ್ತರಪತ್ರಿಕೆಯನ್ನು ಇಡೀ ಕ್ಲಾಸಿಗೆ ಕಾಣುವಂತೆ ಎತ್ತಿ ಹಿಡಿದಿದ್ದರು, ಪ್ರಮೇಯದ ಪಕ್ಕ ಅವಳಿಗೇ ಗೊತ್ತಿಲ್ಲದೆ ಬೆಟ್ಟ, ನದಿ, ಮರ, ಮೂರೂ ಜಪಾನಿ ಲಿಪಿಯಲ್ಲಿ, ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದರು, ನಗಲಿ, ಗಡಿಯಾರ ನಾಲ್ಕಕ್ಕೆ ಇನ್ನೂ ಬಂದಿಲ್ಲ, ಈ ಮುಳ್ಳಿಗೆ ಏನು ಧಾಡಿ. ಈ ಮನೆಯ ಕಮರುನ್ನೀಸಾ ಖಾಲಾ ಅಡುಗೆಮನೆಯಿಂದ, ಚಾ ಕುಡಿತಿಯೇನ ಬೇಟಾ, ಬ್ಯಾಡ್ರಿ ಖಾಲಾ, ಚಹಾ ಕುಡಿದರೆ ನಾಲಿಗೆ ದಪ್ಪವಾಗಿಬಿಟ್ಟರೆ, ವತಾಶಿ ವ ಪದ್ಮಶ್ರೀ ದೆಸು, ನಾನು ಪದ್ಮಶ್ರೀ, ಇದನ್ನು ಗೋಡೆಗೆ ಹೇಳಿದ್ದಾಳೆ, ನೀರಿನ ಹಂಡೆಗೆ ಹೇಳಿದ್ದಾಳೆ, ಸ್ಟ್ಯಾಂಪಿನ ಆಲ್ಬಮ್ಮಿನಲ್ಲಿರುವ ಜಪಾನಿನ ಕೊಕ್ಕರೆಗೂ ಹೇಳಿದ್ದಾಳೆ, ಅವಳಾಡಿದ ಜಪಾನಿಗೆ ಇವತ್ತಿನವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಹೋದ ಭಾನುವಾರ ಶಾರ್ಟ್‌ವೇವಿನಲ್ಲಿ ಮೋರಿ ಸಾನ್ ಅವಳ ಹೆಸರು ಓದಿದರು, ಜಪಾನ್ ರೇಡಿಯೋದಲ್ಲಿ ಹಿಂದಿಯ ಮೂಲಕ ಜಪಾನಿ ಪಾಠ ಹೇಳುವ ಮೋರಿ ಸಾನ್, ಪದೊಮಶುರಿ ಎಂದರು, ಗೊರಗೊರದ ನಡುವೆ ಸ್ಪಷ್ಟವಾಗಿ ಅವಳೇ, ಬರುವ ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡುತ್ತೇವೆ, ಜಪಾನಿಯಲ್ಲೇ ಮಾತಾಡೋಣ, ಲೈನು ಸಿಗದಿದ್ದರೆ ಮುಂದಿನ ಕೇಳುಗರಿಗೆ, ಎಂದೂ ಅಂದರು. ತಮ್ಮ ಮನೆಯಲ್ಲಿ ಫೋನಿಲ್ಲ, ರೇಡಿಯೋಗೆ ಹಾಕಿದ ಕಾರ್ಡಿನಲ್ಲಿ ಪಿ.ಪಿ., ಅಂದರೆ ನೆರೆಮನೆಯ ಫೋನು, ಎಂದು ಬರೆದು ಖಾಲಾ ಮನೆಯ ನಂಬರು ಕೊಟ್ಟಿದ್ದಳು, ಓಣಿಯ ಅರ್ಧ ಮಂದಿ ಕೊಡುವುದು ಅದನ್ನೇ, ಖಾಲಾನ ಗಂಡ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಗುಲಾಮ್ ರಸೂಲ್ ಚಾಚಾ ಯಾರಿಗೂ ಇಲ್ಲ ಅಂದವರಲ್ಲ, ವಾಡಿ ಕಡೆ ಹೋಗುವ ರೈಲು ಕೂಗಿತು, ಈಗಲೇ ಕೂಗಬೇಕೇ, ಮಾತಾಡುವಾಗ ಕೂಗಿದರೆ ಏನೂ ಕೇಳಿಸುವುದಿಲ್ಲ, ಮೊಣಕಾಲು ತಾನಾಗಿ ಕುಣಿಯುತ್ತಿದೆ, ಒತ್ತಿ ಹಿಡಿದರೆ ಇನ್ನೊಂದು ಕುಣಿಯುತ್ತದೆ, ಮತ್ತು ಫೋನು, ಫೋನೇ, ಟ್ರಿಣ್ ಎಂದು ಬಟ್ಟೆಯೆಲ್ಲ ನಡುಗುವಂತೆ, ಎದ್ದು ನಿಂತವಳಿಗೆ ಕೈ ಚಾಚಲಾಗಲಿಲ್ಲ, ಖಾಲಾ ಓಡಿ ಬಂದರು, ಚಪಾತಿ ಹಿಟ್ಟಿನ ಕೈಯಲ್ಲೇ ಎತ್ತಿದರು, ಹಲೋ, ಅಂದವರ ಮುಖ ಹೂವಾಯಿತು. ಅಸ್ಫಿಯಾ.

ಅಸ್ಫಿಯಾ, ಖಾಲಾನ ಒಬ್ಬಳೇ ಮಗಳು, ಮಾಳಿಗೆಯ ಮೇಲೆ ರೇಡಿಯೋದ ತಾಮ್ರದ ತಂತಿ ಎತ್ತಿ ಹಿಡಿದು, ಈಗ ಬಂತೇನ ನಿನ್ನ ಜಪಾನ, ಈಗ, ಎಂದು ಕೂಗುತ್ತಿದ್ದವಳು, ಕೈ ಸೋತರೂ ತಂತಿ ಇಳಿಸದವಳು, ಹೋದ ವರ್ಷ ತಾಂಡೂರಿಗೆ ಕೊಟ್ಟರು, ಅತ್ತೆ ಹೊರಗೆ ಹೋದಾಗ ಮಾತ್ರ ಎಸ್.ಟಿ.ಡಿ. ಬೂತಿಗೆ ಓಡಿ ಬಂದು ಫೋನ್ ಮಾಡುತ್ತಾಳೆ, ಅದಕ್ಕೊಂದು ದಿನವಿಲ್ಲ, ಹೊತ್ತಿಲ್ಲ, ತಿಂಗಳಾಯ್ತು ಆಕಿದು ಸುದ್ದೀನೇ ಇಲ್ಲ ನೋಡು, ಎಂದು ಈಗಷ್ಟೇ ಹಿಟ್ಟು ಕಲಸುತ್ತ ಖಾಲಾ ಹೇಳಿದ್ದರು. ಖಾಲಾನ ಕಣ್ಣು ಗಡಿಯಾರಕ್ಕೆ ಹೋಯಿತು, ಗಡಿಯಾರದಿಂದ ಪದ್ಮಶ್ರೀಯ ಮುಖಕ್ಕೆ, ತನ್ನ ಮುಖದಲ್ಲಿ ಆಗ ಏನಿತ್ತೋ, ಏನಿತ್ತು ಎಂದು ಗೊತ್ತು, ಇಡಬೇಕು, ಬೇಗ ಇಡಬೇಕು, ಅದೇ ಇತ್ತು. ಬೇಟಾ, ಅಭೀ ನಕ್ಕೊ, ಪದ್ಮೀ ಕು ಜಪಾನ್ ಸೆ ಫೋನ್ ಆನೇ ಕಾ ಹೈ, ರಖ್ ದೇ ಮಾ, ಅಂದರು ಖಾಲಾ, ಈಗ ಬೇಡ, ಪದ್ಮಿಗೆ ಜಪಾನಿನಿಂದ ಫೋನ್ ಬರುವುದಿದೆ, ಇಡು, ರಿಸೀವರಿನಿಂದ ಅಮ್ಮೀ ಸುನೋ, ಅಮ್ಮಾ ಕೇಳು, ಎಂಬ ಸಣ್ಣ ದನಿ ಹೊರಬಂದಿತ್ತು, ಅದು ಅಳುವಿನ ದನಿಯೋ, ಓಡಿ ಬಂದ ಏದುಸಿರೋ, ಅಷ್ಟರಲ್ಲಿ ಹಿಟ್ಟು ಮೆತ್ತಿದ ಬೆರಳು ಫೋನಿನ ಗುಂಡಿಯನ್ನು ಒತ್ತಿ ಲೈನು ಕಡಿಯಿತು. ಯಾಕ ಇಟ್ರಿ ಖಾಲಾ, ಇದನ್ನು ಪದ್ಮಶ್ರೀ ಕೇಳಿದ್ದು ಆಮೇಲೆ, ಇಟ್ಟ ಆಮೇಲೆ, ಇಡುವ ಮೊದಲು ಮಾತಾಡ್ರಿ ಅನ್ನಬಹುದಿತ್ತು, ನಾಚಿಕೆಯಾಗುತ್ತಿದೆ, ನಾಚಿಕೆಯಾಗುತ್ತಿದ್ದರೂ ಫೋನ್ ಬೇಕು. ಮತ್ತ ಮಾಡ್ತಾಳ ಬಿಡು, ಅಂತಾರೆ ಖಾಲಾ, ಮತ್ತೆ ಹೇಗೆ ಮಾಡುತ್ತಾಳೆ, ಖಾಲಾನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇದೆ, ಖಾಲಾ, ಕೈ ತಗೀರಿ, ಫೋನ್ ಬರೂದಿಲ್ಲ, ಹಾಂ ಹಾಂ, ಎಂದು ತೆಗೆದು ರಿಸೀವರು ಇಟ್ಟರು, ಇಟ್ಟದ್ದೇ ತಡ ಅದು ಕೂಗಿತು.

ಮೊಶಿ ಮೊಶಿ, ಹಲೋ, ಪದೊಮಶುರಿ ಸಾನ್, ಗೊರಗೊರವಿಲ್ಲದ ಮೋರಿ ಸಾನ್, ಕಿವಿಯ ಒಳಗೇ, ವತಾಶಿ ವ, ಎಂದಳು, ಅವರು ಹಾಯ್ ಎಂದರು, ಅಂದರೆ ಹೌದು, ಉತ್ತರ ಬಂತು, ಗೋಡೆಯಲ್ಲ, ಹಂಡೆಯಲ್ಲ, ಮನುಷ್ಯರೊಬ್ಬರು ಅವಳ ಮಾತಿಗೆ ಮಾತು ಕೊಟ್ಟರು, ಮೈಯೆಲ್ಲ ಹಗುರವಾಯಿತು, ಊರು ಕೇಳಿದರು ಹೇಳಿದಳು, ಶಾಲೆ ಕೇಳಿದರು ಹೇಳಿದಳು, ಕಲ್ಲಿನ ಮೇಲೆ ನೀರಿನಿಂದ ಬರೆಯುವುದನ್ನು ಹೇಳಿದಾಗ ಸುಬರಾಶಿ ಎಂದು ನಕ್ಕರು, ಚೆಂದ ಎಂದು, ಇನ್ನೂ ಕೇಳಲಿ, ಸಂಜೆಯವರೆಗೂ ಕೇಳಲಿ, ಅತ್ತ ಬೂತಿನಲ್ಲಿ ಎಂಗೇಜ್ ಟೋನು ಕೇಳುತ್ತ ಅಸ್ಫಿಯಾ ನಿಂತಿದ್ದರೆ, ಬೇಡ, ಆಮೇಲೆ, ಈಗಲ್ಲ. ಕೊನೆಯ ಪ್ರಶ್ನೆ, ಮೋರಿ ಸಾನ್ ನಿಧಾನವಾಗಿ, ಇಮ, ನನಿ ಗ ಮಿಎಮಸು ಕ, ಈಗ ನಿಮ್ಮ ಕಣ್ಣಿಗೆ ಏನು ಕಾಣುತ್ತಿದೆ, ಸುಲಭದ್ದು, ಕಿಟಕಿಗೆ ಜಪಾನಿ ಪದ ಗೊತ್ತು, ರೈಲಿಗೆ ಗೊತ್ತು, ಕಲ್ಲು, ಹೊಗೆ, ಆಕಾಶ, ಎಲ್ಲ ಗೊತ್ತು, ಬಾಯಿ ತೆರೆದಳು, ಎದುರಿಗೆ ಖಾಲಾ ನೆಲದ ಮೇಲೆ ಕೂತಿದ್ದರು, ಮಡಿಲಲ್ಲಿ ಕೈ. ತೆ, ಎಂದಳು. ಕೈ. ಮೋರಿ ಸಾನ್ ಮುಂದಿನ ಪದಕ್ಕೆ ಕಾದರು. ತೆ, ಮತ್ತೆ ಅದೇ ಬಂತು, ಬೇರೆ ಪದವೇ ಇಲ್ಲ, ತೆ, ಬೆರಳಿನ ಮೇಲೆ ಹಿಟ್ಟು ಒಣಗಿ ಬಿರುಕು ಬಿಟ್ಟಿದೆ, ಆ ಬೆರಳು ಮಡಿಲಿನ ಸೀರೆಯನ್ನು ಒತ್ತುತ್ತಲೇ ಇದೆ.