ಗುಂಡಿನ ಅಚ್ಚು

ನನ್ನ ಗಂಡ ಯಶವಂತ್ ಅಮೆರಿಕದ ಸಿಟಿಜನ್ ಆದ ವರ್ಷವೇ ಜಿಂಕೆ ಬೇಟೆಗೆಂದು ರೈಫಲ್ ಕೊಂಡ. ಈಗ ಗುಂಡನ್ನೂ ಮನೆಯಲ್ಲೇ ಎರಕ ಹೊಯ್ಯುವ ಹುಚ್ಚು. ಶನಿವಾರ ನಮ್ಮ ಮಾರಿಸ್‌ವಿಲ್ ಮನೆಯ ಗರಾಜಿಗೆ ನನ್ನನ್ನು ಕರೆದ. ಮೇಜಿನ ಮೇಲೆ ಎರಡು ಅಚ್ಚುಗಳಿದ್ದವು, ಒಂದು ಕಬ್ಬಿಣದ್ದು, ಇನ್ನೊಂದು ಅಲ್ಯೂಮಿನಿಯಂನದು.

"ಮಧುರಾ, ಯಾವುದು ಇಟ್ಕೊಳ್ಳಲಿ ಹೇಳು. ಇನ್ನೊಂದು ರಿಟರ್ನ್ ಮಾಡ್ಬೇಕು."

"ಎರಡನ್ನೂ ಮಾಡು, ರೈಫಲ್ ಸಮೇತ," ಎಂದೆ.

ಅವನು ನಗುತ್ತಾ ಈಗಷ್ಟೇ ಹೊಯ್ದ ಗುಂಡೊಂದನ್ನು ನನ್ನ ಅಂಗೈಗೆ ಹಾಕಿದ. ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಬರೀ ಸೀಸ ಹಾಕಿದ್ರೆ ಅಚ್ಚು ಸರಿಯಾಗಿ ತುಂಬಲ್ಲ ಕಣೇ. ಸ್ವಲ್ಪ ತವರ ಸೇರಿಸ್ಬೇಕು."

"ನಮ್ಮನೇಲಿ ತವರ ಎಲ್ಲಿತ್ತೋ?"

"ಕಿಚನ್ ಕ್ಯಾಬಿನೆಟ್‌ನಲ್ಲಿ ಸೊಟ್ಟಗಾಗಿರೋ ಹಳೇ ತವರದ ಪಾತ್ರೆ ಇತ್ತಲ್ಲ. ಬರಿದಾಗಿ ಒಲೆ ಮೇಲಿಟ್ರೆ ಕರಗಿ ಹೋಗುತ್ತೆ ಅಂತ ನೀನೇ ಹೇಳಿದ್ಯಲ್ಲ!"

ಅದು ನಮ್ಮಜ್ಜಿಯ ಸಾರಿನ ಪಾತ್ರೆ. ಈರುಳ್ಳಿಯನ್ನೂ ಸೋಕಿಸದೆ ಅವಳು ಜೀವಮಾನವಿಡೀ ಮಡಿಯಲ್ಲಿ ಕಾಪಾಡಿದ್ದ ಆ ಪಾತ್ರೆ, ಜಿಂಕೆಯ ಎದೆ ಹೊಗಲು ಸಿದ್ಧವಾಗಿ, ನನ್ನ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.