ಜೆರ್ಮಾಲಿನ ಮೇಲೊಂದು ಹಾಡಿನ ಡಬ್ಬಿ

ಪಾರ್ಲಿನ್ ನಮ್ಮ ಜೆರ್ಮಾಲಿಗೆ ಬಂದಾಗ ಅವನ ಚೀಲದಲ್ಲಿ ಎರಡು ಅಂಗಿ, ಒಂದು ಬೈಬಲ್ಲು, ಹಲ್ಲುಜ್ಜುವ ಬ್ರಷ್ಷು ಮತ್ತು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಒಂದು ಎಂಪಿತ್ರೀ ಪ್ಲೇಯರ್ ಇದ್ದವು. ದೋಣಿ ಹತ್ತುವ ಹಿಂದಿನ ದಿನ ತಂಜುಂಗ್ ಬಲಾಯ್ ಬಂದರಿನ ಪೇಟೆಯಲ್ಲಿ ಅದನ್ನು ಕೊಂಡಿದ್ದ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಬಂದಿದ್ದರೂ ಆ ನಡುನೀರಿಗೆ ಸಿಗ್ನಲ್ ಎಲ್ಲಿಂದ ಬರಬೇಕು?

ನಾನು ಅಲ್ಲಿ ಅಡುಗೆಯವನು. ಹೆಸರು ಬಹ್ರುಮ್. ಆದರೆ ವಯಸ್ಸಾದವರನ್ನು ನಮ್ಮ ಕಡೆ ಕರೆಯುವಂತೆ ಎಲ್ಲರೂ ನನ್ನನ್ನು ‘ವಾಕ್’ ಎಂದೇ ಕರೆಯುತ್ತಿದ್ದರು. ದಡದಿಂದ ದೋಣಿಯಲ್ಲಿ ಐದು ಗಂಟೆ ದೂರ, ಕಡಲ ತಳಕ್ಕೆ ನೂರಾರು ಮರದ ಕಂಬ ಹೊಡೆದು, ಮೇಲೆ ಹಲಗೆ ಹಾಸಿ, ಒಂದು ಗುಡಿಸಲು ಕಟ್ಟಿದರೆ ಅದೇ ಜೆರ್ಮಾಲು. ಹಲಗೆಯ ಕೆಳಗೆ ಬಲೆ. ನೀರಿನ ಸೆಳೆತ ನೋಡಿಕೊಂಡು ರಾಟೆ ತಿರುಗಿಸಿ ಬಲೆ ಎತ್ತಬೇಕು, ನೆತ್ತಲಿ ಮೀನು ಆರಿಸಬೇಕು, ಬೇಯಿಸಬೇಕು, ಒಣಗಿಸಬೇಕು. ಹಲಗೆಯ ಉದ್ದ ನಲವತ್ತು ಹೆಜ್ಜೆ, ಅಗಲ ಇಪ್ಪತ್ತು. ಅದರಾಚೆ ಕಾಲಿಡಲು ಏನೂ ಇಲ್ಲ.

ಇದ್ದವರು ನಾಲ್ಕು ಜನ. ಮೇಸ್ತ್ರಿ ಸಂಕೊಟ್, ನಿಯಾಸ್ ದ್ವೀಪದ ದಾಂಡಿಗ ಫಾಟಿ, ಪಾರ್ಲಿನ್ ಮತ್ತು ನಾನು. ಒಬ್ಬೊಬ್ಬರಿಗೆ ಮೂರು ತಿಂಗಳ ಕರಾರು. ಆದರೆ ಬದಲಿ ಆಳು ಬಂದರೆ ಮಾತ್ರ ಇಳಿಯಬಹುದು. ಬದಲಿ ಕಳಿಸುವವನು ಧಣಿ. ವಾರಕ್ಕೊಮ್ಮೆ ಇಸ್ವಾನನ ದೋಣಿ ಅಕ್ಕಿ, ನೀರು, ಉಪ್ಪು ತಂದು ಒಣಮೀನು ತುಂಬಿಕೊಂಡು ಹೋಗುತ್ತಿತ್ತು. ಅದರಲ್ಲಿ ನಮಗೆ ಜಾಗವಿಲ್ಲ. ಸಂಕೊಟ್ ಬಂದು ಹದಿಮೂರು ತಿಂಗಳಾಗಿತ್ತು. ಆ ಬಗ್ಗೆ ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಪ್ಲೇಯರ್ ಮೊದಲ ದಿನದಿಂದಲೇ ಪಾರ್ಲಿನ್‌ಗೆ ಕಾಟ ಕೊಟ್ಟಿತು. ಪರದೆಯ ಮೇಲೆ ಬರುತ್ತಿದ್ದ ಅಕ್ಷರ ನಮ್ಮಲ್ಲಿ ಯಾರಿಗೂ ಓದಲು ಬರದ ಲಿಪಿ. ಗುಂಡಿ ಎಷ್ಟು ಸಲ ಒತ್ತಿದರೆ ಏನಾಗುತ್ತದೆ ಎಂದು ಅವನು ಎಣಿಸಿ ಎಣಿಸಿ ಕಲಿತ. ಮೂರು ಸಲಕ್ಕೆ ಹಾಡು, ನಾಲ್ಕಕ್ಕೆ ರೇಡಿಯೋ, ಐದಕ್ಕೆ ಧ್ವನಿಮುದ್ರಣ. ಅಂಗಡಿಯವನು ತುಂಬಿಕೊಟ್ಟ ನಲವತ್ತು ಹಾಡಿನಲ್ಲಿ ಅರ್ಧದಷ್ಟು ಎರಡೆರಡು ಸಲ ಇದ್ದವು. ಎಡಗಿವಿಗೆ ಸಿಕ್ಕಿಸುವ ತುದಿಯಲ್ಲಿ, ತಂತಿಯನ್ನು ಒಂದು ಕಡೆಗೆ ಮಡಚಿ ಹಿಡಿದರೆ ಮಾತ್ರ ಕೇಳಿಸುತ್ತಿತ್ತು.

“ಈ ಡಬ್ಬಿಗೂ ನಿನ್ನ ಹಾಗೇ ಒಂದು ಕಿವಿ ಮಂದ ಕಣೋ,” ಎಂದು ಫಾಟಿ ನಗುತ್ತಿದ್ದ. “ಬಲೆ ಎತ್ತು ಅಂದ್ರೆ ಕೇಳ್ಸಲ್ಲ, ಊಟಕ್ಕೆ ಬಾ ಅಂದ್ರೆ ಕೇಳ್ಸುತ್ತೆ.”

“ನಿನಗ್ಯಾಕೆ? ಸಂಜೆ ಕೊಡು ಅಂತ ಬರ್ತೀಯಲ್ಲ, ಆಗ ಹೇಳ್ತೀನಿ.”

ಗಾಳಿ ನೆಟ್ಟಗೆ ಬೀಸಿದ ದಿನ ರೇಡಿಯೋದಲ್ಲಿ ಮಲೇಷ್ಯಾದ ಸ್ಟೇಷನ್ ಸಿಗುತ್ತಿತ್ತು. ಅಲ್ಲಿಯ ಹೆಂಗಸೊಬ್ಬಳು ಯಾವ ರಸ್ತೆಯಲ್ಲಿ ವಾಹನ ನಿಂತಿವೆ ಎಂದು ಹೇಳುವುದನ್ನು ನಾವು ಸರದಿಯ ಮೇಲೆ ಕೇಳುತ್ತಿದ್ದೆವು. ರಸ್ತೆಯ ಹೆಸರು ಕೇಳುವುದೇ ಒಂದು ಸುಖವಾಗಿತ್ತು.

ಪಾರ್ಲಿನ್‌ನ ಹೆಂಡತಿ ರುಮೊಂಡಾಂಗ್ ಆಗ ಏಳು ತಿಂಗಳ ಬಸುರಿ. ಕಿಸಾರಾನ್ ಕಡೆಯ ರಬ್ಬರ್ ತೋಟದಲ್ಲಿ ಮನೆಯಿದ್ದರೂ, ಹೆರಿಗೆಗೆಂದು ಬಂದರಿನ ಹಿಂದಿನ ಓಣಿಯಲ್ಲಿ ಅಕ್ಕನ ಮನೆಗೆ ಬಂದಿದ್ದಳು. ಎರಡನೇ ವಾರ ಪಾರ್ಲಿನ್ ಡಬ್ಬಿಯಲ್ಲಿ ತನ್ನ ಮಾತು ತುಂಬಿ ಇಸ್ವಾನನ ಕೈಗೆ ಕೊಟ್ಟ. ಯಾವ ಗುಂಡಿ ಒತ್ತಿ ಕೇಳಿಸಬೇಕು, ಯಾವುದು ಒತ್ತಿ ಅವಳ ಮಾತು ಹಿಡಿಯಬೇಕು, ಯಾವುದು ಒತ್ತಿ ನಿಲ್ಲಿಸಬೇಕು ಎಂದು ನಾಲ್ಕು ಸಲ ಹೇಳಿಕೊಟ್ಟ.

ಮುಂದಿನ ವಾರ ಡಬ್ಬಿ ಅವಳ ದನಿಯೊಂದಿಗೆ ಮರಳಿತು. ಪಾರ್ಲಿನ್ ನಮಗೂ ಕೇಳಿಸಿದ. “ಏನ್ ಹೇಳ್ಲಿ? ಕಲ್ಲಿನ ಹತ್ರ ಮಾತಾಡ್ದಂಗೆ ಆಗುತ್ತೆ,” ಎಂದಳು. ಹಿಂದೆ ಕೋಳಿ ಕೂಗಿತು. “ಇಸ್ವಾನ್ ಬಾಗ್ಲಲ್ಲಿ ನಿಂತು ಹೊತ್ತಾಯ್ತು ಅಂತಿದಾನೆ. ಕಾಲು ಬಾತಿದೆ. ಸೂಲಗಿತ್ತಿ ಹೆಣ್ಣು ಅಂತಾಳೆ. ನೀವು ಮೀನು ತಿಂದು ಕರ್ರಗಾಗಿರ್ತೀರಿ.” ಅಷ್ಟೇ. ಫಾಟಿ ಕೋಳಿ ಕೂಗಿದ್ದನ್ನು ಮೂರು ಸಲ ಕೇಳಿದ.

ಹೀಗೆ ಹೋಗಿ ಬರುತ್ತ, ಹತ್ತನೇ ವಾರ ಡಬ್ಬಿಯಲ್ಲಿ ಮಗುವಿನ ಅಳು ಬಂತು. ಹೆಣ್ಣು. ಟಿಯೂರ್ ಎಂದು ಹೆಸರಿಟ್ಟಿದ್ದರು. ಅಂದಿನಿಂದ ಪಾರ್ಲಿನ್ ಕೆಟ್ಟ. ಮೊದಲು ಹಾಡು ಕೇಳಿದರೆ ಹಗುರಾಗುತ್ತಿದ್ದವನು ಈಗ ಆ ಅಳುವನ್ನೇ ಕೇಳಿ ಕೇಳಿ, ಹಲಗೆಯ ದಡದ ಕಡೆಯ ಅಂಚಿಗೆ ಹೋಗಿ ಕೂರುತ್ತಿದ್ದ. ಅಲ್ಲಿಂದ ದಡ ಕಾಣುವುದಿಲ್ಲ. ಆದರೂ ಕೂರುತ್ತಿದ್ದ. ಬ್ಯಾಟರಿ ಮುಗಿದಾಗ ಮೇಸ್ತ್ರಿಯ ಟಾರ್ಚಿನದನ್ನು ಕದ್ದ. ಸಂಕೊಟ್ ಅವನ ಕೆನ್ನೆಗೆ ಬಾರಿಸಿ, ಡಬ್ಬಿಯನ್ನು ಎರಡು ದಿನ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಒಂದು ಮಧ್ಯಾಹ್ನ ನಾನು ಅಕ್ಕಿ ತೊಳೆಯುತ್ತಿದ್ದಾಗ ಪಾರ್ಲಿನ್ ಎರಡು ಖಾಲಿ ಡ್ರಮ್ಮನ್ನು ಹಗ್ಗದಿಂದ ಬಿಗಿಯುವುದು ಕಂಡಿತು.

“ಏನೋ ಅದು?”

“ಏನಿಲ್ಲ ವಾಕ್. ನೀರು ತುಂಬಕ್ಕೆ.”

“ಮುಚ್ಚಳ ಹಾಕಿ ಬಿಗಿದ್ರೆ ನೀರು ತುಂಬುತ್ತಾ? ನನಗೂ ಕಣ್ಣಿದೆ. ಎರಡು ವರ್ಷದ ಹಿಂದೆ, ನಾನು ಹಿಂದಿನ ಸಲ ಬಂದಿದ್ದಾಗ, ಹೀಗೇ ಒಬ್ಬ ನೀರಿಗಿಳಿದ. ಡ್ರಮ್ಮು ಮಾತ್ರ ಸಿಕ್ತು.”

ಅವನು ಹಗ್ಗ ಬಿಚ್ಚಿದ. ನಾನು ಆ ಡ್ರಮ್ಮುಗಳನ್ನು ಅಡುಗೆಮನೆಗೆ ತಂದು ಅವುಗಳ ಮೇಲೆ ಕಟ್ಟಿಗೆ ಪೇರಿಸಿದೆ. ಮಾರನೆಯ ದಿನದಿಂದ ಅವನ ಮುಖ ನೋಡಲು ನನಗೇ ಒಂಥರಾ ಆಯಿತು. ಅವನನ್ನು ಕಟ್ಟಿಹಾಕಿದವರಲ್ಲಿ ನಾನೂ ಒಬ್ಬನಾದೆ ಅನ್ನಿಸಿತು.

ಮೂರು ತಿಂಗಳು ಮುಗಿಯಿತು. ಬದಲಿ ಬರಲಿಲ್ಲ. “ಆಳು ಸಿಗ್ತಿಲ್ಲವಂತೆ,” ಎಂದ ಇಸ್ವಾನ್. ನಾಲ್ಕನೆಯ ತಿಂಗಳೂ ಅದೇ ಮಾತು.

ಆ ತಿಂಗಳ ಕೊನೆಯ ವಾರ ಇಸ್ವಾನ್ ಮೀನು ತುಂಬಿಕೊಂಡು ಲಗುಬಗೆಯಿಂದ ಹೊರಟ. ಮೋಡ ಕಟ್ಟುತ್ತಿತ್ತು. ದೋಣಿ ಬಿಟ್ಟ ಮೇಲೆಯೇ ಡಬ್ಬಿ ತನ್ನ ಜೇಬಿನಲ್ಲೇ ಉಳಿದದ್ದು ಅವನಿಗೆ ನೆನಪಾಗಿ, ಕೆಳಗಿನಿಂದ ಎಸೆದ. ಪಾರ್ಲಿನ್ ಹಿಡಿದ. ಅದರ ಸಣ್ಣ ಕೆಂಪು ದೀಪ ಮಿಣುಕುತ್ತಿತ್ತು.

“ನಿಲ್ಸೋದೇ ಮರ್ತಿದಾನೆ ಬೆಪ್ಪ. ಬ್ಯಾಟರಿ ಪೂರ್ತಿ ಹಾಳು,” ಎಂದು ಬೈಯುತ್ತ ಪಾರ್ಲಿನ್ ಗುಂಡಿ ಒತ್ತಿ ನಿಲ್ಲಿಸಿದ. ಆಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡ.

ನಾನು ಒಲೆಯ ಹತ್ತಿರವಿದ್ದೆ. ಅವನ ಮುಖ ಕಾಣುತ್ತಿತ್ತು. ಮೊದಲು ನಗು ಬಂತು, ಹೋಯಿತು. ತುಟಿ ಬಿಗಿಯಿತು. ಕಿವಿಯಿಂದ ತಂತಿ ಕಿತ್ತು ಡಬ್ಬಿಯನ್ನು ಹಲಗೆಯ ಮೇಲೆ ಬಿಟ್ಟು ಅಂಚಿಗೆ ಹೋಗಿ ಕುಳಿತ.

“ಏನಂತೆ?” ಎಂದೆ.

“ಕಡಲೇ ಅಷ್ಟು ಚೆಂದ ಆದ್ರೆ ಅಲ್ಲೇ ಇರಿ ಅಂತಾಳೆ. ಇನ್ಮೇಲೆ ಈ ಡಬ್ಬಿ ಕಳಿಸ್ಬೇಡಿ ಅಂತಾಳೆ.”

“ಯಾಕೆ?”

“ನನಗೇನ್ ಗೊತ್ತು ವಾಕ್? ನನಗೇನ್ ಗೊತ್ತು?”

ಡಬ್ಬಿ ಇನ್ನೂ ನುಡಿಯುತ್ತಲೇ ಇತ್ತು. ಫಾಟಿಗೆ ಅದು ಬಿಟ್ಟಿ ಬಿದ್ದದ್ದು ಕಂಡು ತಡೆಯಲಾಗಲಿಲ್ಲ. ಮೆಲ್ಲನೆ ಎತ್ತಿಕೊಂಡು ಹೋಗಿ ಬಲೆಯ ರಾಶಿಯ ಮೇಲೆ ಒರಗಿ ಕಿವಿಗೆ ಹಾಕಿಕೊಂಡ. ಓಣಿಯಲ್ಲಿ ಜನ ನಡೆಯುವ ಸದ್ದು, ಮೋಟಾರ್ ಬೈಕು, ಐಸ್ ಮಾರುವವನ ಗಂಟೆ. ಅಷ್ಟೇ ಕೇಳಿದರೂ ಸಾಕು ಅವನಿಗೆ. ಸ್ವಲ್ಪ ಹೊತ್ತಿಗೆ ಎದ್ದು ಕುಳಿತ.

“ಬಂಗ್! ಸಂಕೊಟ್ ಬಂಗ್! ಇದ್ರೊಳಗೆ ಧಣಿ ಮಾತಾಡ್ತಿದಾನೆ!”

ಮೇಸ್ತ್ರಿಯನ್ನು ಆಳುಗಳು ಅಣ್ಣ ಎಂಬ ಅರ್ಥದಲ್ಲಿ ಬಂಗ್ ಎನ್ನುತ್ತಿದ್ದರು. “ಮಧ್ಯಾಹ್ನವೇ ಹೆಂಡ ಕುಡಿದ್ಯಾ?” ಎಂದು ಗದರುತ್ತ ಬಂದ ಸಂಕೊಟ್, ಒಂದು ತುದಿಯನ್ನು ಕಿವಿಗಿಟ್ಟುಕೊಂಡ. ಇನ್ನೊಂದನ್ನು ಓಡಿಬಂದ ಪಾರ್ಲಿನ್ ಕಿತ್ತುಕೊಂಡ. ಮೊದಲಿನಿಂದ ಹಾಕಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ನಿಂತರು. ಪಾರ್ಲಿನ್ ಗುಂಡಿ ಒತ್ತಿ ಅದೇ ಮಾತನ್ನು ಮತ್ತೆ ಹಾಕಿದ. ಸಂಕೊಟ್ ಮಾತ್ರ ಅಲ್ಲಾಡಲಿಲ್ಲ. ಅವನ ಕತ್ತಿನ ನರವೊಂದು ಉಬ್ಬಿದ್ದನ್ನು ನಾನು ಕಂಡೆ.

ನನ್ನ ಸರದಿ ಬಂದಾಗ ಟಾರ್ಚಿನ ಬ್ಯಾಟರಿಯನ್ನು ಸಂಕೊಟ್ ತಾನೇ ತೆಗೆದು ಕೊಟ್ಟ.

ಡಬ್ಬಿಯನ್ನು ನಿಲ್ಲಿಸದೆ ಜೇಬಿಗಿಟ್ಟುಕೊಂಡು ಇಸ್ವಾನ್ ರುಮೊಂಡಾಂಗ್ ಇದ್ದ ಮನೆಯಿಂದ ನೇರ ಧಣಿಯ ಗೋದಾಮಿಗೆ ಹೋಗಿದ್ದ. ಧಣಿಯ ದನಿ ಸ್ಪಷ್ಟವಾಗಿತ್ತು. “ಆ ಹುಡುಗನ ಹೆಂಡ್ತಿ ಕೂಸು ಎತ್ಕೊಂಡು ನಿನ್ನೆನೂ ಇಲ್ಲಿಗೆ ಬಂದಿದ್ಲು. ಆಳು ಸಿಗ್ತಿಲ್ಲ ಅಂತ ಅವನು ಹೇಳೋದು ಸುಳ್ಳು, ಅವನೇ ಇನ್ನೊಂದು ಮೂರು ತಿಂಗಳು ಇರ್ತೀನಿ ಅಂದ ಅಂತ ಹೇಳ್ದೆ. ನೀನೂ ಅದನ್ನೇ ಹೇಳು. ಜೆರ್ಮಾಲಲ್ಲಿ ಮಾತ್ರ ಆಳು ಸಿಗ್ತಿಲ್ಲ ಅನ್ನು. ಮೀನಿನ ಕಾಲ ಇದು, ಈಗ ಹೊಸಬರನ್ನ ಹಾಕಿ ಕಲಿಸ್ತಾ ಕೂರಕ್ಕಾಗುತ್ತಾ?”

“ಸಂಕೊಟ್ ಬಂಗ್ ಕೂಡ ಕೇಳ್ತಿದ್ರು,” ಎಂಬ ಇಸ್ವಾನನ ದನಿ.

“ಸಂಕೊಟ್ಟಾ?” ಧಣಿ ನಕ್ಕ. “ಅವನು ಜೆರ್ಮಾಲಿನ ಕಂಬ ಇದ್ದಂಗೆ. ನೆಟ್ರೆ ಆಯ್ತು, ನಿಂತಿರ್ತಾನೆ.”

ಆಮೇಲೆ ಮೂಟೆ ಎಸೆಯುವ ಸದ್ದು. ಆಮೇಲೆ ಬರೀ ಎಂಜಿನ್ನು.

ಸಂಕೊಟ್ ರಾಟೆಯ ಹತ್ತಿರ ಹೋಗಿ ನಿಂತ. “ಬಲೆ ಎತ್ರೋ,” ಎಂದ.

“ಸೆಳೆತ ಇನ್ನೂ ಬಂದಿಲ್ಲ ಬಂಗ್,” ಎಂದ ಫಾಟಿ.

“ಎತ್ತಿ ಕಟ್ಟಿಬಿಡಿ. ಬದಲಿ ಬರೋ ತನಕ ಇಳಿಸೋ ಹಾಗಿಲ್ಲ.”

ಆ ವಾರ ನಾವು ಒಂದು ಮೀನನ್ನೂ ಒಣಗಿಸಲಿಲ್ಲ. ಕೆಲಸವಿಲ್ಲದ ಜೆರ್ಮಾಲು ಇನ್ನೂ ಚಿಕ್ಕದಾಗಿ ಕಂಡಿತು. ಪಾರ್ಲಿನ್ ಹೆಂಡತಿಗೆ ನಿಜ ಹೇಳಬೇಕೆಂದು ಡಬ್ಬಿಯಲ್ಲಿ ಮಾತು ತುಂಬಿದ, ಅಳಿಸಿದ, ಮತ್ತೆ ತುಂಬಿದ. ಇಸ್ವಾನ್ ಬಂದಾಗ ಸಂಕೊಟ್ ಏಣಿಯ ಮೇಲೇ ಅವನನ್ನು ತಡೆದು ಧಣಿಯ ದನಿ ಕೇಳಿಸಿದ. ಇಸ್ವಾನನ ಮುಖ ಬೂದಿಯಾಯಿತು.

“ನನ್ನನ್ನೇನ್ ಮಾಡ್ತೀರಿ ಬಂಗ್? ದೋಣಿ ಅವನದು. ಮಾತು ಮೀರಿದ್ರೆ ನಾಳೆ ನಾನೂ ಇಲ್ಲೇ.”

“ನಿನ್ನ ತಪ್ಪು ಅಂದಿಲ್ಲ. ಬಲೆ ಇಳಿಯಲ್ಲ ಅಂತ ಹೇಳು.”

ಪಾರ್ಲಿನ್ ಡಬ್ಬಿಯನ್ನು ಮುಂದೆ ಚಾಚಿದ. “ಇದನ್ನ ಅವಳಿಗೆ ಕೊಡು ಇಸ್ವಾನ್. ಬೇರೆ ಏನೂ ಬೇಡ. ಕೈ ಮುಗೀತೀನಿ.”

ಇಸ್ವಾನ್ ಕೈ ಹಿಂದಕ್ಕೆ ಎಳೆದುಕೊಂಡ. “ಅದನ್ನ ಮಾತ್ರ ಕೇಳ್ಬೇಡ ಮಾರಾಯ. ನನ್ನ ಜೇಬಲ್ಲಿ ಅದು ಧಣಿ ಕಣ್ಣಿಗೆ ಬಿದ್ರೆ ನನ್ನ ಕತೆ ಮುಗೀತು.”

ದೋಣಿ ಖಾಲಿಯಾಗಿ ಹೋಯಿತು. ಆಮೇಲೆ ಹದಿನೆಂಟು ದಿನ ಯಾರೂ ಬರಲಿಲ್ಲ. ಅಕ್ಕಿ ಒಂಬತ್ತನೆಯ ದಿನ ಮುಗಿಯಿತು. ಗಾಳ ಹಾಕಿ ಹಿಡಿದ ಮೀನನ್ನು ಬರೀ ಮೀನಾಗಿಯೇ ತಿಂದೆವು. ಟಾರ್ಪಾಲು ಕಟ್ಟಿ ಮಳೆನೀರು ಹಿಡಿದೆವು. ಅದಕ್ಕೆ ಮೀನಿನ ವಾಸನೆ. ಫಾಟಿ ಒಂದು ದಿನ ಬಲೆ ಇಳಿಸಿಬಿಡೋಣ ಎಂದು ಅತ್ತ. ಪಾರ್ಲಿನ್ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ದಡದ ಕಡೆಯ ಅಂಚಿನಲ್ಲೇ ಕೂತಿದ್ದ. ಹೆಂಡತಿ ಏನು ತಿಳಿದುಕೊಂಡಿದ್ದಾಳೆ ಎಂಬುದು ಗೊತ್ತಿತ್ತು. ಅದು ಸುಳ್ಳೆಂದು ತೋರಿಸುವ ಸಾಕ್ಷಿ ಕೈಯಲ್ಲೇ ಇತ್ತು. ನಡುವೆ ಐದು ಗಂಟೆಯ ನೀರು. ಮೊದಲಿನ ಕಷ್ಟಕ್ಕಿಂತ ಇದು ಅವನನ್ನು ಹೆಚ್ಚು ತಿಂದಿತು. ಬ್ಯಾಟರಿಯಿದ್ದರೂ ಅವನು ಮಗುವಿನ ಅಳು ಕೇಳುವುದನ್ನು ಬಿಟ್ಟಿದ್ದ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ದೋಣಿ ಬಂತು. ಅದರಲ್ಲಿ ಇಬ್ಬರು ಹೊಸಬರು. ಇಬ್ಬರು ಬಂದರೆ ಇಬ್ಬರೇ ಇಳಿಯಬೇಕು.

“ಪಾರ್ಲಿನ್, ಫಾಟಿ, ಹತ್ತಿ,” ಎಂದ ಸಂಕೊಟ್.

“ನೀವು ಬಂಗ್?” ಎಂದ ಪಾರ್ಲಿನ್. “ಹದಿನೆಂಟು ತಿಂಗಳಾಗ್ತಾ ಬಂತು.”

“ಹೊಸಬರಿಗೆ ರಾಟೆ ಕಲಿಸೋರ್ಯಾರು, ನಿಮ್ಮಪ್ಪನಾ? ಹತ್ತು ಅಂದ್ರೆ ಹತ್ತು.”

ದೋಣಿ ಕಣ್ಣಿಗೆ ಮರೆಯಾಗುವ ಮೊದಲೇ ಸಂಕೊಟ್ ಹೊಸಬರನ್ನು ಕರೆದು ಬಲೆ ಇಳಿಸಿದ. ನಾನು ಹೊಸ ಅಕ್ಕಿಯ ಮೂಟೆ ಬಿಚ್ಚಿದೆ.

ನನಗೆ ಬದಲಿ ಬಂದದ್ದು ಮತ್ತೆ ನಾಲ್ಕು ತಿಂಗಳಿಗೆ, ಹಬ್ಬದ ಹೊತ್ತಿಗೆ. ಇಳಿದ ವಾರದಲ್ಲೇ ಕಿಸಾರಾನ್‌ನ ಬಸ್ಸು ಹತ್ತಿ, ರಬ್ಬರ್ ತೋಟದ ಕೂಲಿಗಳ ಲೈನು ಮನೆಗಳಲ್ಲಿ ಪಾರ್ಲಿನ್‌ನನ್ನು ಹುಡುಕಿದೆ. ಅವನು ರಬ್ಬರ್ ಹಾಲು ಇಳಿಸಲು ತೋಟಕ್ಕೆ ಹೋಗಿದ್ದ. ರುಮೊಂಡಾಂಗ್ ಕಾಫಿ ಕೊಟ್ಟಳು, ಬಾಳೆಹಣ್ಣು ಕರಿದುಕೊಟ್ಟಳು. ದನಿ ಗುರುತು ಸಿಕ್ಕಿತು. ಮುಖ ಹೊಸದು.

“ನಮ್ಮೋರು ಬಂದೋರೇ ಅಂಗಳದಲ್ಲಿ ನಿಂತು ಆ ಡಬ್ಬಿ ಚಾಚಿದ್ರು ವಾಕ್,” ಎಂದಳು. “ಕೇಳು, ಕೇಳು, ಅಂತ. ನಾನು ಮುಟ್ಲಿಲ್ಲ. ನೀವೇ ಬಂದಿದೀರಲ್ಲ, ಬಾಯಲ್ಲಿ ಹೇಳಿ ಅಂದೆ. ಹೇಳಕ್ಕೆ ಎರಡು ದಿನ ತಗೊಂಡ್ರು. ಮಾತೇ ಮರೆತಂಗಾಗಿತ್ತು.”

“ಈಗ ಸರಿ ಇದಾನಾ?”

ಅವಳು ಮಗುವಿನ ಬಾಯಿ ಒರೆಸಿದಳು. “ಕೆಲ್ಸಕ್ಕೆ ಹೋಗ್ತಾರೆ. ನಗ್ತಾರೆ. ಆದ್ರೆ ಬಾಗಿಲು ಹಾಕಕ್ಕೆ ಬಿಡಲ್ಲ. ಮಳೆ ಎರಚಲು ಒಳಗೆ ಬಂದು ಇವಳ ಮೇಲೆ ಬಿದ್ರೂ ತೆಗ್ದೇ ಇರ್ಬೇಕು. ಹಾಕಿದ್ರೆ ಎದ್ದು ಕೂತ್ಬಿಡ್ತಾರೆ. ಎಷ್ಟು ದಿನ ವಾಕ್ ಹೀಗೆ?”

 ನಾನೂ ಬಾಗಿಲ ಹತ್ತಿರವೇ ಕುಳಿತಿದ್ದೆ.

ಪಾರ್ಲಿನ್ ಬಂದ. ಕೈಗಂಟಿದ ರಬ್ಬರ್ ಹಾಲನ್ನು ಸುಲಿಯುತ್ತ, ನನ್ನ ಕ್ಷೇಮ ವಿಚಾರಿಸುವ ಮೊದಲೇ ಕೇಳಿದ: “ಬಂಗ್ ಇಳಿದ್ರಾ?”

“ಇಲ್ಲ,” ಎಂದೆ.

ನಾನು ಹೊರಟಾಗ ಅವನು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ನಿಲ್ಲುವ ತಿರುವಿನ ತನಕ ನನ್ನ ಜೊತೆ ನಡೆದು ಬಂದ.