ಸೊಂಟ ಸಣ್ಣ ಮಾಡಿದ ಜಾಕೆಟ್

ಹೋದ ಸಲ ಅಕ್ಕ, ಭಾವ ಕನೂ ದೋಣಿಯಲ್ಲಿ ಹೋದಾಗ ನಾನು ದಿನವಿಡೀ ದಡದಲ್ಲಿ ಕೂತು ಎರಡು ಜೊತೆ ಚಪ್ಪಲಿ ಕಾಯ್ದಿದ್ದೆ. ಈ ಭಾನುವಾರ ದೋಣಿಯ ಮುಂದಿನ ಸೀಟು ನನಗೆ ಸಿಗಬೇಕಾದರೆ ಭಾವನ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದೋಣಿಗೆ ಹಾರ್ನ್ ಇಲ್ಲವೆಂದು ಈಗಲೂ ಕೊರಗುತ್ತಾರೆ.

“ಬಸ್ ಡಿಪೋ ಹಿಂದಿನ ಹೊಳೆಗೆ ಹೋಗೋಣ ಭಾವ. ಎಷ್ಟು ಚೆಂದ ನೊರೆ ಬರತ್ತೆ!”

“ನೊರೆ ಕೆಳಗೆ ಬಂಡೆ ಇರತ್ತೆ, ಮಹಾರಾಯ್ತಿ.”

ಕರೆದುಕೊಂಡು ಹೋಗಿದ್ದು ಪೇಪರ್ ಗೋದಾಮಿನ ಹಿಂದಿನ ಹೊಳೆಗೆ. ಭಾವ ನೀರಿಗೊಂದು ಕಡ್ಡಿ ಎಸೆದು ದಡದಲ್ಲಿ ಅದರ ಜೊತೆ ನಡೆದರು. ಕಡ್ಡಿ ಹಿಂದೆ ಬಿತ್ತು.

“ನೋಡು, ನಮ್ಮ ನಡಿಗೆಗಿಂತ ನಿಧಾನ. ಸೊಂಟದಷ್ಟು ನೀರು. ಎಲ್ಲಿ ಬೇಕಾದ್ರೂ ದಡ ಹತ್ಬೋದು. ಕೆಳಗಡೆ ಅಣೆಕಟ್ಟೂ ಇಲ್ಲ.”

“ಇದು ಹೊಳೆನಾ, ತೂಕಡಿಸ್ತಿರೋ ಎಮ್ಮೆನಾ?”

“ಮೊದ್ಲು ಎಮ್ಮೆ ಮೇಲೆ ಕೂರೋದು ಕಲಿ.”

ಹುಟ್ಟು ಹಾಕುವುದು ಬೇಗ ಒಗ್ಗಿತು. ದೋಣಿ ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟೂ ಮೈಗೆ ಒಪ್ಪಿ ಕೂತಿತ್ತು. ವಾರದ ಹಿಂದೆ ಭಾವ ಕೊಟ್ಟಾಗ ಅದು ಗೋಣಿಚೀಲದಂತಿತ್ತು.

“ಕೊನೇ ಪಾಠ, ಮಗುಚೋದು,” ಎಂದವರೇ ಭಾವ ದೋಣಿಯನ್ನು ವಾಲಿಸಿದರು.

ಬಿದ್ದೆ. ಜಾಕೆಟ್ ನನ್ನನ್ನು ಮೇಲೆತ್ತಲಿಲ್ಲ. ಮೂಗಿಗೆ ನೀರು ನುಗ್ಗಿತು. ಕಾಲಿಗೆ ಮರಳು ಸಿಕ್ಕಿ ಕೆಮ್ಮುತ್ತಾ ಎದ್ದು ನಿಂತೆ.

ಭಾವ ಜಾಕೆಟ್ಟನ್ನು ಹಿಂಡಿ ನೋಡಿದರು. “ಒಳಗಿದ್ದ ಫೋಮ್ ಎಲ್ಲಿ?”

“ಸೊಂಟದ ಹತ್ರ ದಪ್ಪ ಕಾಣ್ತಿತ್ತು. ಸ್ವಲ್ಪ ತೆಗೆದೆ.” ಇಪ್ಪತ್ತು ವರ್ಷ ಟೈಲರ್ ಅಂಗಡಿ ನಡೆಸಿದ ಕೈ, ಸುಮ್ಮನಿರುತ್ತದೆಯೇ? “ಮಷೀನ್ ಸ್ಟೂಲಿಗೆ ದಿಂಬು ಮಾಡ್ಕೊಂಡೆ.”

ಭಾವ ನಗುತ್ತಾ ನೀರಲ್ಲೇ ಕುಸಿದರು. ಆಮೇಲೆ ನಗು ನಿಂತಿತು. “ಡಿಪೋ ಹೊಳೆಲಿ ಹೀಗಾಗಿದ್ರೆ ನಿಮ್ಮಕ್ಕನಿಗೆ ನಾನೇನು ಹೇಳ್ಲಿ?”

“ವಾಪಸ್ ಹೊಲಿದು ಕೊಡ್ತೀನಿ,” ಎಂದೆ, ಸಣ್ಣಗೆ.

“ಕತ್ತರಿ ಬಿದ್ದ ಜಾಕೆಟ್ ಮತ್ತೆ ನೀರಿಗಿಳಿಯಲ್ಲ. ತಪ್ಪು ನಂದೂ ಇದೆ. ಹೊರಡೋಕೆ ಮುಂಚೆ ಬ್ರೇಕ್ ನೋಡು ಅಂತ ಊರಿಗೆಲ್ಲ ಹೇಳ್ತೀನಿ, ಇದನ್ನ ಮುಟ್ಟಿ ನೋಡ್ಲಿಲ್ಲ.”

ಕಾರಿನಿಂದ ಇನ್ನೊಂದು ಜಾಕೆಟ್ ತಂದು ನನಗೆ ಹಾಕಿಸಿ ಪಟ್ಟಿ ಬಿಗಿದು, ಹೆಗಲ ಹತ್ತಿರ ಹಿಡಿದು ಎತ್ತಿ ನೋಡಿದರು. ಅದು ಜಾರಲಿಲ್ಲ. ಮತ್ತೆ ಮಗುಚಿದರು. ಈ ಸಲ ಬಾಟಲಿ ಬಿರಡೆಯಂತೆ ಪುಟಿದು ಮೇಲೆ ಬಂದೆ.

“ಇನ್ನೊಂದ್ಸಲ ಭಾವ!”

“ಸಾಕು, ಪಾಸು. ಸೂಜಿ ಮುಟ್ಟಿದ್ರೆ ಲೈಸೆನ್ಸ್ ರದ್ದು.”

ಭಾನುವಾರ ಅದೇ ಎಮ್ಮೆಹೊಳೆಯಲ್ಲಿ, ಮುಂದಿನ ಸೀಟಿನಲ್ಲಿ ಕೂತೆ.

“ಏನೇ ಇದು, ಕುಂಬಳಕಾಯಿ ಥರ ಕಾಣ್ತೀಯಲ್ಲೇ,” ಎಂದಳು ಹಿಂದಿನಿಂದ ಅಕ್ಕ.

“ಕುಂಬಳಕಾಯಿ ತೇಲತ್ತೆ ಕಣಕ್ಕ,” ಎಂದು ಹುಟ್ಟು ಹಾಕಿದೆ.

ದಡದಲ್ಲಿ ಮೂರು ಜೊತೆ ಚಪ್ಪಲಿ ತಮ್ಮನ್ನು ತಾವೇ ಕಾಯುತ್ತಿದ್ದವು.